ಮಿದುಳಿನ ಉಣುಗೋಲು

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ, ಔಷಧ ಸಂಶೋಧನೆಯಲ್ಲಿ ಕೆಲಸ ಮಾಡುತ್ತಿರುವ ಹಳೆಯ ವಿದ್ಯಾರ್ಥಿನಿಯೊಬ್ಬರು ಆಡಿದ ಮಾತುಗಳ ಬರಹರೂಪ)



ಸಮಿತಿಯವರು ನನಗೆ ಹೇಳಿದ್ದು ಇಷ್ಟು: "ನೀನು ಬೆಂಗಳೂರಿನಲ್ಲಿ ಏನು ಕೆಲಸ ಮಾಡುತ್ತೀ ಎನ್ನುವುದನ್ನು ಊರಿನವರಿಗೆ ಅರ್ಥವಾಗುವ ಹಾಗೆ ಹೇಳು. ಗುಡವಿಯ ಹಕ್ಕಿಗಳ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ." ಅದು ನಿಜ. ಕೆರೆಯ ಮರಗಳ ಮೇಲೆ ಗೂಡು ಕಟ್ಟುವ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲೇ ಕೂತಿದ್ದೀರಿ. ಹಾಗಾಗಿ ನನ್ನ ಕೆಲಸದ ಮಾತನ್ನೇ ಆಡುತ್ತೇನೆ.

ನಾನು ಔಷಧದ ಪ್ರಯೋಗಾಲಯದಲ್ಲಿದ್ದೇನೆ ಎಂದರೆ ನೆಂಟರಿಷ್ಟರು ಮಾತ್ರೆ ಮಾರುತ್ತೇನೆ ಎಂದುಕೊಳ್ಳುತ್ತಾರೆ. ಮಂಡಿನೋವಿಗೆ ಏನಾದರೂ ಒಳ್ಳೆಯದು ಇದ್ದರೆ ತಂದುಕೊಡು ಎನ್ನುತ್ತಾರೆ. ನನ್ನ ಕೆಲಸ ಅದಲ್ಲ. ಔಷಧವಾಗಬಹುದಾದ ನೂರಾರು ಹೊಸ ರಾಸಾಯನಿಕಗಳನ್ನು ರಸಾಯನಶಾಸ್ತ್ರಜ್ಞರು ತಯಾರಿಸುತ್ತಾರೆ. ಅವುಗಳಲ್ಲಿ ಯಾವುದು ರಕ್ತದಿಂದ ಮಿದುಳಿನೊಳಕ್ಕೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದು ಆರಿಸಿ ಹೇಳುವುದು ನಮ್ಮ ಗುಂಪಿನ ಕೆಲಸ. ಮನೆಯಲ್ಲಿ ಅಮ್ಮ ಮೊರದಲ್ಲಿ ಅಕ್ಕಿ ಕೇರುತ್ತಾರಲ್ಲ, ಅಂಥದ್ದೇ ಕೆಲಸ. ಕಾಳು ಯಾವುದು, ಜೊಳ್ಳು ಯಾವುದು ಎನ್ನುವುದಷ್ಟೇ ಪ್ರಶ್ನೆ.

ಇದಕ್ಕೂ ನಮ್ಮೂರಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

1957ರಲ್ಲಿ ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಕಾಡಿಗೆ ಹೋಗಿಬಂದವರು ಜ್ವರದಿಂದ ಮಲಗಿದರು. ಮಂಗಗಳು ಸಾಯುತ್ತಿವೆ ಎಂದ ಕೂಡಲೇ ವಿಜ್ಞಾನಿಗಳಿಗೆ ಹುಟ್ಟಿದ ಭಯವೆಂದರೆ ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೂ ಬಂದುಬಿಟ್ಟಿತೇ ಎನ್ನುವುದು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಇಲ್ಲಿಗೆ ಬಂದರು, ಸತ್ತ ಮಂಗಗಳಿಂದಲೂ ಕಾಯಿಲೆಯವರಿಂದಲೂ ಮಾದರಿ ತೆಗೆದರು, ವೈರಸ್ಸನ್ನು ಪತ್ತೆ ಹಚ್ಚಿದರು. ಅದು ಹಳದಿ ಜ್ವರವಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿಯಾದ ಹೊಸ ವೈರಸ್ ಅದು. ನಮ್ಮ ಕಾಡಿನ ಹೆಸರನ್ನೇ ಅದಕ್ಕೆ ಇಟ್ಟರು. ಇವತ್ತು ಪ್ರಪಂಚದ ಯಾವ ಮೂಲೆಯ ವೈದ್ಯಕೀಯ ಗ್ರಂಥ ತೆರೆದರೂ 'ಕ್ಯಾಸನೂರು ಫಾರೆಸ್ಟ್ ಡಿಸೀಸ್' ಎಂದು ಇರುತ್ತದೆ. ನಮ್ಮ ಬಾಯಲ್ಲಿ ಅದು ಮಂಗನ ಕಾಯಿಲೆ.

ಈ ಕಾಯಿಲೆಗೆ ಎರಡು ಹಂತಗಳಿವೆ. ಮೊದಲು ಜೋರು ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಬಹಳ ಜನ ಇಲ್ಲಿಗೇ ಗುಣವಾಗುತ್ತಾರೆ. ಆದರೆ ನೂರರಲ್ಲಿ 10ರಿಂದ 20 ಜನರಿಗೆ, ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದ ಮೇಲೆ, ಮತ್ತೆ ಜ್ವರ ತಿರುಗುತ್ತದೆ. ಈ ಸಲ ಅದು ಮಿದುಳಿಗೆ ಸಂಬಂಧಪಟ್ಟದ್ದು. ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ಕೈಕಾಲು ನಡುಕ, ಕಣ್ಣು ಮಂಜಾಗುವುದು, ಮಾತಿನಲ್ಲಿ ಗೊಂದಲ. ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಇಷ್ಟು ವರ್ಷಗಳಾದರೂ ಈ ವೈರಸ್ಸಿಗೇ ಎಂದು ಒಂದು ಔಷಧ ಇಲ್ಲ. ನೀರಿನಂಶ ಕಾಯುವುದು, ರಕ್ತಸ್ರಾವ ನೋಡಿಕೊಳ್ಳುವುದು, ಜ್ವರ ಇಳಿಸುವುದು, ಹೀಗೆ ರೋಗಿಯನ್ನು ಸಂಭಾಳಿಸುವ ಚಿಕಿತ್ಸೆಯೇ ಇವತ್ತಿಗೂ ನಡೆಯುತ್ತಿದೆ.

ನಾಳೆ ಯಾರಾದರೂ ಈ ವೈರಸ್ಸನ್ನು ಗಾಜಿನ ತಟ್ಟೆಯಲ್ಲಿ ಕೊಲ್ಲುವ ರಾಸಾಯನಿಕ ಕಂಡುಹಿಡಿದರು ಎಂದುಕೊಳ್ಳಿ. ಪತ್ರಿಕೆಯಲ್ಲಿ ದೊಡ್ಡದಾಗಿ ಬರುತ್ತದೆ. ಆಗ ನನ್ನಂಥವರು ಕೇಳುವ ಪ್ರಶ್ನೆ ಒಂದೇ: ಎರಡನೆಯ ಹಂತದಲ್ಲಿರುವ ರೋಗಿಯ ಮಿದುಳಿಗೆ ಅದು ತಲುಪುತ್ತದೆಯೇ? ತಲುಪದಿದ್ದರೆ, ಕೆರೆ ತುಂಬಿದ್ದರೂ ತೂಬು ತೆರೆಯದ ಗದ್ದೆಯ ಹಾಗೆ. ನೀರು ಇದೆ, ಪೈರು ಒಣಗುತ್ತಿದೆ. ಇವತ್ತು ನಾನು ಹೇಳಬೇಕಾಗಿರುವುದು ಇದೊಂದೇ ಮಾತು. ಔಷಧ ಒಳ್ಳೆಯದಾಗಿದ್ದರೆ ಸಾಲದು, ಅದು ಹೋಗಬೇಕಾದ ಜಾಗಕ್ಕೆ ಹೋಗಿ ಮುಟ್ಟಬೇಕು.

ಮಿದುಳಿಗೆ ಹೋಗುವುದು ಯಾಕೆ ಇಷ್ಟು ಕಷ್ಟ? ಅಲ್ಲಿ ಒಂದು ಬೇಲಿ ಇದೆ.

1885ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಎಂಬ ವಿಜ್ಞಾನಿ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿ ನೋಡಿದ. ಪಿತ್ತಕೋಶ, ಮೂತ್ರಪಿಂಡ, ಸ್ನಾಯು ಎಲ್ಲಕ್ಕೂ ಬಣ್ಣ ಹತ್ತಿತು. ಮಿದುಳಿಗೆ ಮಾತ್ರ ಹತ್ತಲಿಲ್ಲ. ಮಿದುಳಿಗೆ ಬಣ್ಣ ಹೀರುವ ಗುಣ ಇಲ್ಲವೇನೋ ಎಂದು ಅವನು ಎಣಿಸಿದ. ಅವನ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಇದನ್ನೇ ತಿರುಗಿಸಿ ಮಾಡಿದ. ಬಣ್ಣವನ್ನು ರಕ್ತಕ್ಕೆ ಚುಚ್ಚದೆ, ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವಕ್ಕೆ ಚುಚ್ಚಿದ. ಈಗ ಮಿದುಳು ನೀಲಿಯಾಯಿತು, ಉಳಿದ ಮೈಗೆ ಬಣ್ಣ ಹತ್ತಲಿಲ್ಲ. ಅಂದರೆ ಮಿದುಳು ಬಣ್ಣವನ್ನು ಹೀರುತ್ತದೆ. ನಡುವೆ ಏನೋ ಒಂದು ತಡೆ ಇದೆ. 1967ರಲ್ಲಿ ರೀಸ್ ಮತ್ತು ಕಾರ್ನೋವ್‌ಸ್ಕಿ ಎಂಬಿಬ್ಬರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ತಡೆ ಎಲ್ಲಿದೆ ಎಂದು ತೋರಿಸಿದರು. ಅದು ಮಿದುಳಿನ ಸುತ್ತ ಕಟ್ಟಿದ ಗೋಡೆಯಲ್ಲ, ಮಿದುಳಿನ ಒಳಗಿನ ಒಂದೊಂದು ಕೂದಲೆಳೆ ರಕ್ತನಾಳದ ಗೋಡೆಯಲ್ಲೂ ಇದೆ.

ಮೈಯ ಬೇರೆ ಕಡೆ ಈ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಜೀವಕೋಶ ಜೀವಕೋಶಗಳ ನಡುವೆ ಸಂದಿ ಇರುತ್ತದೆ. ಆ ಸಂದಿಯಲ್ಲಿ ಬಹಳಷ್ಟು ವಸ್ತುಗಳು ನುಸುಳುತ್ತವೆ. ಮಿದುಳಿನಲ್ಲಿ ಈ ಜೀವಕೋಶಗಳು ಒಂದಕ್ಕೊಂದು ಹೊಲಿದ ಹಾಗೆ ಅಂಟಿಕೊಂಡಿವೆ. ಒಳಗೆ ಹೋಗಬೇಕಾದರೆ ಜೀವಕೋಶದ ಮೈಯನ್ನೇ ಹಾಯ್ದು ಹೋಗಬೇಕು. ಒಬ್ಬ ಮನುಷ್ಯನ ಮಿದುಳಿನ ಇಂಥ ಸಣ್ಣ ನಾಳಗಳನ್ನೆಲ್ಲ ಉದ್ದಕ್ಕೆ ಜೋಡಿಸಿದರೆ ಸುಮಾರು 600 ಕಿಲೋಮೀಟರ್ ಆಗುತ್ತದೆ. ಸೊರಬದಿಂದ ಬೆಂಗಳೂರಿಗೆ ಹೋಗಿ, ವಾಪಸು ಬರುವ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಂದಷ್ಟು ದೂರ. ಅಷ್ಟುದ್ದಕ್ಕೂ ಬೇಲಿ ಇದೆ.

ಬೇಲಿ ಎಂದೆ. ಆದರೆ ಬರೀ ಬೇಲಿಯಾಗಿದ್ದರೆ ಮಿದುಳು ಉಪವಾಸ ಸಾಯುತ್ತಿತ್ತು. ಮೈತೂಕದಲ್ಲಿ ಮಿದುಳು ನೂರಕ್ಕೆ ಎರಡು ಪಾಲು. ಮೈ ಖರ್ಚು ಮಾಡುವ ಶಕ್ತಿಯಲ್ಲಿ ಅದಕ್ಕೆ ಸುಮಾರು ಇಪ್ಪತ್ತು ಪಾಲು ಬೇಕು. ಸಕ್ಕರೆ, ಆಮ್ಲಜನಕ ಬರುತ್ತಲೇ ಇರಬೇಕು. ಅದಕ್ಕೇ ನಾನು ಇದನ್ನು ನಮ್ಮ ತೋಟದ ಉಣುಗೋಲು ಎನ್ನುತ್ತೇನೆ. ಕೆಲವರು ದಣಪೆ ಎನ್ನುತ್ತೀರಿ. ಗೊತ್ತಿದ್ದ ಮನುಷ್ಯ ಗಳು ಸರಿಸಿ ಒಳಗೆ ಹೋಗುತ್ತಾನೆ, ದನ ಹೊರಗೆ ನಿಲ್ಲುತ್ತದೆ. ಮಿದುಳಿನ ಉಣುಗೋಲೂ ಹಾಗೆ. ಬೇಕಾದದ್ದನ್ನು ಬಿಟ್ಟುಕೊಳ್ಳುತ್ತದೆ, ಬೇಡದ್ದನ್ನು ತಡೆಯುತ್ತದೆ. ತೊಂದರೆ ಏನೆಂದರೆ, ಔಷಧ ಎಂದರೆ ಅದರ ಲೆಕ್ಕದಲ್ಲಿ ಗುರುತಿಲ್ಲದವನು. ಸಣ್ಣ ಅಣುಗಳ ಔಷಧಗಳಲ್ಲೂ ನೂರಕ್ಕೆ 98ರಷ್ಟು ಇದನ್ನು ದಾಟುವುದಿಲ್ಲ ಎಂಬ ಅಂದಾಜನ್ನು ನಮ್ಮ ಕ್ಷೇತ್ರದವರು ಮತ್ತೆ ಮತ್ತೆ ಹೇಳುತ್ತಾರೆ.

ಹಾಗಾದರೆ ಯಾರು ದಾಟುತ್ತಾರೆ? ನಿಮಗೆ ಗೊತ್ತಿರುವ ವಸ್ತುಗಳಿಂದಲೇ ಹೇಳುತ್ತೇನೆ. ಬೆಳಿಗ್ಗೆ ಕಾಫಿ ಕುಡಿದರೆ ನಿದ್ದೆ ಹಾರುತ್ತದೆ. ಕಾಫಿಯ ಕೆಫೀನ್ ಸುಲಭವಾಗಿ ದಾಟುತ್ತದೆ. ಕವಳ ಹಾಕಿದರೆ ಮೈ ಬಿಸಿಯಾಗಿ ಚುರುಕಾಗುತ್ತದೆ. ಅಡಿಕೆಯ ಅರೆಕೊಲಿನ್ ದಾಟುತ್ತದೆ. ತಂಬಾಕಿನ ನಿಕೋಟಿನ್ ದಾಟುತ್ತದೆ. ಸಾರಾಯಿ ದಾಟುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇವೆಲ್ಲ ಚಿಕ್ಕ ಅಣುಗಳು, ಎಣ್ಣೆಯ ಜೊತೆಗೂ ಬೆರೆಯುವ ಸ್ವಭಾವದವು. ಜೀವಕೋಶದ ಹೊರಪದರ ಎಣ್ಣೆ ಜಾತಿಯದು. ಎಣ್ಣೆಯ ಜೊತೆ ಹೊಂದಿಕೊಳ್ಳುವವನು ಅದರಲ್ಲಿ ಕರಗಿ ಒಳಗೆ ಹೋಗುತ್ತಾನೆ. ನೀರಿಗೇ ಅಂಟಿಕೊಳ್ಳುವವನು, ವಿದ್ಯುತ್ ಆವೇಶ ಹೊತ್ತವನು ಹೊರಗೇ ಉಳಿಯುತ್ತಾನೆ.

ಚಿಕ್ಕದಾಗಿದ್ದರೆ ಸಾಕು ಎಂದುಕೊಳ್ಳಬೇಡಿ. ಇದಕ್ಕೆ ನಮ್ಮ ಬೇಲಿಸಾಲಿನಲ್ಲೇ ಒಂದು ಉದಾಹರಣೆ ಇದೆ. ನಸುಗುನ್ನಿ ಬಳ್ಳಿ ಎಲ್ಲರಿಗೂ ಗೊತ್ತು. ಅದರ ಕಾಯಿಯ ಮೇಲಿನ ರೋಮ ತಾಗಿದರೆ ತುರಿಸಿಕೊಂಡು ಓಡಾಡಬೇಕು. ಈ ಶಾಲೆಯ ಬೆಂಚುಗಳಿಗೂ ಅದರ ಪರಿಚಯ ಇದೆ ಎಂದು ಕೆಲವರ ನಗು ನೋಡಿದರೆ ತಿಳಿಯುತ್ತದೆ. ಆ ಕಾಯಿಯ ಬೀಜದಲ್ಲಿ ಎಲ್-ಡೋಪಾ ಎಂಬ ವಸ್ತು ಇದೆ. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳು ಅದನ್ನು ಬೀಜದಿಂದ ಬೇರ್ಪಡಿಸಿ ತೋರಿಸಿದರು. ಆಯುರ್ವೇದದಲ್ಲಿ ಕಪಿಕಚ್ಛು ಎಂದು ಕರೆದು ಕಂಪವಾತಕ್ಕೆ ಬಳಸುತ್ತಿದ್ದುದೂ ಇದನ್ನೇ.

ಕಂಪವಾತ ಅಥವಾ ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಡೋಪಮಿನ್ ಕಡಿಮೆಯಾಗುತ್ತದೆ. ಕೈ ನಡುಗುತ್ತದೆ, ಹೆಜ್ಜೆ ಏಳುವುದಿಲ್ಲ. ಹಾಗಾದರೆ ಡೋಪಮಿನ್ನನ್ನೇ ಕೊಟ್ಟರಾಯಿತಲ್ಲ? ಆಗುವುದಿಲ್ಲ. ಡೋಪಮಿನ್ ಉಣುಗೋಲು ದಾಟುವುದಿಲ್ಲ. ಎಲ್-ಡೋಪಾ ದಾಟುತ್ತದೆ, ಒಳಗೆ ಹೋದ ಮೇಲೆ ಡೋಪಮಿನ್ ಆಗಿ ಬದಲಾಗುತ್ತದೆ. ಇದರ ಸ್ವಾರಸ್ಯ ಏನು ಗೊತ್ತೇ? ಡೋಪಮಿನ್ ಅಣುವಿನ ತೂಕ 153, ಎಲ್-ಡೋಪಾದ್ದು 197. ಚಿಕ್ಕವನು ಹೊರಗೆ ನಿಂತ, ದೊಡ್ಡವನು ಒಳಗೆ ಹೋದ! ಯಾಕೆಂದರೆ ಎಲ್-ಡೋಪಾ ನೋಡುವುದಕ್ಕೆ ಅಮೈನೊ ಆಮ್ಲದ ಹಾಗಿದೆ. ಅಮೈನೊ ಆಮ್ಲ ಮಿದುಳಿಗೆ ಬೇಕು, ಅದಕ್ಕೆಂದೇ ಒಂದು ಬಾಗಿಲಿದೆ. ಆ ಬಾಗಿಲಿನಲ್ಲಿ ಇದೂ ಹೋಗುತ್ತದೆ. ಆದ್ದರಿಂದಲೇ ಈ ಮಾತ್ರೆ ತೆಗೆದುಕೊಳ್ಳುವವರಿಗೆ, ಬೇಳೆ ಮೊಟ್ಟೆ ಮೀನಿನ ಭಾರೀ ಊಟದ ಜೊತೆ ಬೇಡ, ಹೊತ್ತು ಬಿಟ್ಟು ತೆಗೆದುಕೊಳ್ಳಿ ಎಂದು ಡಾಕ್ಟರು ಹೇಳುವುದುಂಟು. ಊಟದ ಅಮೈನೊ ಆಮ್ಲಗಳೂ ಅದೇ ಬಾಗಿಲಿನಲ್ಲಿ ನೂಕುನುಗ್ಗಲು ಮಾಡುತ್ತವೆ.

ಆ ಮಾತ್ರೆಯಲ್ಲಿ ಕಾರ್ಬಿಡೋಪಾ ಎಂಬ ಇನ್ನೊಂದು ಔಷಧವೂ ಸೇರಿರುತ್ತದೆ. ಅದರ ಗುಣವೇ ಮಿದುಳಿಗೆ ಹೋಗದಿರುವುದು. ಎಲ್-ಡೋಪಾ ಹೊರಗಡೆಯೇ ಡೋಪಮಿನ್ ಆಗಿ ವ್ಯರ್ಥವಾಗದಂತೆ, ವಾಂತಿ ತರಿಸದಂತೆ ಅದು ಹೊರಗೆ ನಿಂತು ಕಾಯುತ್ತದೆ. ಒಬ್ಬ ಒಳಗೆ ಹೋಗಬೇಕು, ಇನ್ನೊಬ್ಬ ಹೋಗಬಾರದು. ಎರಡನ್ನೂ ಲೆಕ್ಕ ಹಾಕಿಯೇ ಔಷಧ ಮಾಡುವುದು. ಇಷ್ಟು ಹೇಳಿದೆ ಎಂದು ಯಾರೂ ನಸುಗುನ್ನಿ ಬೀಜ ಹುರಿದು ತಿನ್ನಬೇಡಿ. ಯಾವ ಬೀಜದಲ್ಲಿ ಎಷ್ಟಿದೆ ಎನ್ನುವ ಅಳತೆ ಇಲ್ಲದೆ ಅದು ಔಷಧವಲ್ಲ.

ಈ ಉಣುಗೋಲಿಗೆ ಇನ್ನೊಂದು ಗುಣ ಇದೆ. ನುಗ್ಗಿದವನನ್ನು ಹಿಡಿದು ಹೊರಗೆ ಹಾಕುವ ಪಂಪುಗಳು ಆ ಜೀವಕೋಶಗಳ ಮೈಮೇಲೆ ಇವೆ. ಅವುಗಳಲ್ಲಿ ಮುಖ್ಯವಾದದ್ದಕ್ಕೆ ಪಿ-ಗ್ಲೈಕೋಪ್ರೋಟೀನ್ ಎಂದು ಹೆಸರು. 1994ರಲ್ಲಿ ನೆದರ್ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಂನಲ್ಲಿ ಈ ಪಂಪು ಇಲ್ಲದ ಇಲಿಗಳನ್ನು ತಯಾರು ಮಾಡಿದ್ದರು. ಇಲಿಗಳಿಗೆ ನುಸಿ ಹತ್ತಿತು ಎಂದು ಐವರ್‌ಮೆಕ್ಟಿನ್ ಸಿಂಪಡಿಸಿದರು. ನಮ್ಮ ದನಗಳಿಗೆ ಉಣ್ಣೆ, ಹುಳುವಿಗೆ ಪಶುವೈದ್ಯರು ಕೊಡುವ ಔಷಧವೇ ಅದು. ಮಾಮೂಲಿ ಇಲಿಗಳಿಗೆ ಏನೂ ಆಗಲಿಲ್ಲ. ಪಂಪು ಇಲ್ಲದ ಇಲಿಗಳು ಸತ್ತವು. ಪರೀಕ್ಷಿಸಿದಾಗ ಅವುಗಳ ಮಿದುಳಿನಲ್ಲಿ ಔಷಧ ಸುಮಾರು 90 ಪಟ್ಟು ಹೆಚ್ಚಿತ್ತು. ದನಕ್ಕೆ, ಮನುಷ್ಯನಿಗೆ ಆ ಔಷಧ ಸುರಕ್ಷಿತವಾಗಿರುವುದರಲ್ಲಿ ಈ ಪಂಪಿನ ಪಾಲು ದೊಡ್ಡದು ಎಂದು ಆಗ ತಿಳಿಯಿತು.

ಭೇದಿಗೆ ಕೊಡುವ ಲೋಪರಮೈಡ್ ಕೂಡ ಅಫೀಮಿನ ಬಗೆಯದೇ ಔಷಧ. ಮಾಮೂಲಿ ಪ್ರಮಾಣದಲ್ಲಿ ಅಮಲೇರುವುದಿಲ್ಲ, ಏಕೆಂದರೆ ಇದೇ ಪಂಪು ಅದನ್ನು ಹೊರಗೆ ತಳ್ಳುತ್ತದೆ. ನೆಗಡಿ, ತುರಿಕೆಗೆ ಹಿಂದಿನಿಂದ ಕೊಡುತ್ತಿದ್ದ ಮಾತ್ರೆ ತಿಂದರೆ ಕಣ್ಣು ಎಳೆಯುತ್ತದೆ, ಹೊಸ ಬಗೆಯ ಕೆಲವು ಮಾತ್ರೆ ತಿಂದರೆ ಅಷ್ಟು ಎಳೆಯುವುದಿಲ್ಲ. ಹಳೆಯವು ಮಿದುಳಿಗೆ ನುಗ್ಗುತ್ತವೆ, ಹೊಸವು ಹೆಚ್ಚಾಗಿ ಹೊರಗೇ ಉಳಿಯುತ್ತವೆ. ನೋಡಿ, ಕೆಲವು ಔಷಧಕ್ಕೆ ದಾಟುವುದೇ ಗುಣ, ಕೆಲವಕ್ಕೆ ದಾಟದಿರುವುದೇ ಗುಣ.

ಈಗ ನಾವು ಕೇರುವುದು ಹೇಗೆ ಎಂದು ಹೇಳುತ್ತೇನೆ. ನಾಲ್ಕು ಮೆಟ್ಟಿಲು.

ಮೊದಲ ಮೆಟ್ಟಿಲು ಕಂಪ್ಯೂಟರ್. ಅಣುವಿನ ತೂಕ ಎಷ್ಟು, ಎಣ್ಣೆಗೆ ಎಷ್ಟು ಒಲಿಯುತ್ತದೆ, ನೀರಿನ ಜೊತೆ ಕೈ ಹಿಡಿಯುವ ಜಾಗಗಳು ಎಷ್ಟಿವೆ, ಆವೇಶ ಇದೆಯೇ ಎಂದು ಲೆಕ್ಕ ಹಾಕುತ್ತೇವೆ. ಸಾಮಾನ್ಯವಾಗಿ ತೂಕ 400–500ರ ಒಳಗಿದ್ದರೆ ಆಸೆ ಇದೆ. ಇದು ಹುಡುಗನ ಜಾತಕ ನೋಡಿದ ಹಾಗೆ. ಮದುವೆ ನಿಶ್ಚಯವಾಗಲು ಇಷ್ಟು ಸಾಲದು.

ಎರಡನೆಯ ಮೆಟ್ಟಿಲು ಕೃತಕ ಪೊರೆ. ಒಂದು ಪ್ಲಾಸ್ಟಿಕ್ ಫಲಕದಲ್ಲಿ 96 ಪುಟ್ಟ ಗುಣಿಗಳು. ಪಡ್ಡಿನ ಕಾವಲಿಯನ್ನು ಚಿಕ್ಕದು ಮಾಡಿ ನೂರರ ಹತ್ತಿರ ಗುಣಿ ಮಾಡಿದರೆ ಹೇಗಿರುತ್ತದೋ ಹಾಗೆ. ಕೆಳಗೊಂದು ಫಲಕ, ಮೇಲೊಂದು ಫಲಕ, ನಡುವೆ ಹಂದಿಯ ಮಿದುಳಿನಿಂದ ತೆಗೆದ ಕೊಬ್ಬಿನಲ್ಲಿ ನೆನೆಸಿದ ತೆಳು ಜಾಳಿಗೆ. ಒಂದು ಕಡೆ ಔಷಧದ ದ್ರಾವಣ ಹಾಕಿ ಹೊತ್ತು ಬಿಟ್ಟು, ಇನ್ನೊಂದು ಕಡೆಗೆ ಎಷ್ಟು ಬಂತು ಎಂದು ಅಳೆಯುತ್ತೇವೆ. ಅಗ್ಗದ ಪರೀಕ್ಷೆ, ಒಂದೇ ಸಲಕ್ಕೆ ಬಹಳ ವಸ್ತು ನೋಡಬಹುದು. ಆದರೆ ಇದರಲ್ಲಿ ಜೀವ ಇಲ್ಲ, ಬಾಗಿಲೂ ಇಲ್ಲ, ಪಂಪೂ ಇಲ್ಲ.

ಮೂರನೆಯ ಮೆಟ್ಟಿಲಿನಲ್ಲಿ ಜೀವಂತ ಕೋಶಗಳು. ಜಾಳಿಗೆಯ ಮೇಲೆ ಜೀವಕೋಶಗಳನ್ನು ಒಂದೇ ಪದರವಾಗಿ ಬೆಳೆಸುತ್ತೇವೆ. ಮನುಷ್ಯರ ಮಿದುಳಿನ ರಕ್ತನಾಳದ ಕೋಶಗಳನ್ನು ಬಳಸುವುದುಂಟು. ಇನ್ನೊಂದು ಬಗೆ 1958ರಲ್ಲಿ ಒಂದು ನಾಯಿಯ ಮೂತ್ರಪಿಂಡದಿಂದ ತೆಗೆದದ್ದು. ಆ ಒಂದು ನಾಯಿಯ ಕೋಶಗಳ ಸಂತತಿ ಇಂದಿಗೂ ಪ್ರಪಂಚದ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಲೇ ಇದೆ. ಅದಕ್ಕೆ ಮನುಷ್ಯರ ಪಂಪಿನ ಜೀನ್ ಸೇರಿಸಿರುತ್ತಾರೆ. ಪದರ ಬಿಗಿಯಾಗಿದೆಯೇ ಎಂದು ಮೊದಲು ನೋಡಬೇಕು. ವಿದ್ಯುತ್ ಹಾಯಿಸಿ ಎಷ್ಟು ತಡೆಯುತ್ತದೆ ಎಂದು ಅಳೆಯುತ್ತೇವೆ. ಹೊಳೆಯುವ ಬಣ್ಣ ಹಾಕಿ ಸೋರುತ್ತಿದೆಯೇ ಎಂದು ನೋಡುತ್ತೇವೆ. ಗದ್ದೆಗೆ ನೀರು ಕಟ್ಟುವ ಮುಂಚೆ ಅಂಚಿನಲ್ಲಿ ಏಡಿ ತೂತು ಮಾಡಿದೆಯೇ ಎಂದು ನೋಡುವುದಿಲ್ಲವೇ? ಆಮೇಲೆ ಔಷಧವನ್ನು ಮೇಲಿನಿಂದ ಕೆಳಕ್ಕೆ ಒಂದು ಸಲ, ಕೆಳಗಿನಿಂದ ಮೇಲಕ್ಕೆ ಒಂದು ಸಲ ಬಿಡುತ್ತೇವೆ. ಹೊರಗೆ ಬರುವ ವೇಗ ಒಳಗೆ ಹೋಗುವ ವೇಗಕ್ಕಿಂತ ಎರಡು ಪಟ್ಟಿಗೂ ಮೀರಿದರೆ, ಪಂಪು ಹಿಡಿದು ಎಸೆಯುತ್ತಿದೆ ಎಂದು ಅನುಮಾನ.

ನಾಲ್ಕನೆಯ ಮೆಟ್ಟಿಲು ಪ್ರಾಣಿ. ಅನುಮತಿ, ನಿಯಮಗಳ ಒಳಗೆ, ಕೆಲವೇ ವಸ್ತುಗಳು ಇಲ್ಲಿಗೆ ಬರುತ್ತವೆ. ರಕ್ತದಲ್ಲಿ ಎಷ್ಟು, ಮಿದುಳಿನಲ್ಲಿ ಎಷ್ಟು ಎಂದು ಅಳೆಯುತ್ತೇವೆ. ಇಲ್ಲೂ ಒಂದು ಮೋಸ ಇದೆ. ಮಿದುಳಿನಲ್ಲಿ ಬಹಳ ಔಷಧ ಸಿಕ್ಕಿತು ಎಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆ ಎಂದಲ್ಲ. ಮಿದುಳಿನಲ್ಲಿ ಕೊಬ್ಬಿನಂಶ ಜಾಸ್ತಿ. ಎಣ್ಣೆಗೆ ಒಲಿಯುವ ಔಷಧ ಅದರಲ್ಲಿ ಅಂಟಿಕೊಂಡು ಕೂತಿರುತ್ತದೆ. ಜೇಡಿಮಣ್ಣು ಹಿಡಿದಿಟ್ಟ ನೀರು ಬೇರಿಗೆ ಸಿಗದ ಹಾಗೆ. ಅಂಟಿಕೊಳ್ಳದೆ ಬಿಡಿಯಾಗಿ ಓಡಾಡುತ್ತಿರುವ ಔಷಧ ಎಷ್ಟು ಎನ್ನುವುದೇ ನಿಜವಾದ ಲೆಕ್ಕ. ಹಲವು ವರ್ಷ ಈ ಕ್ಷೇತ್ರದವರು ಒಟ್ಟು ಲೆಕ್ಕವನ್ನೇ ನೋಡುತ್ತಿದ್ದರು. ಈಗ ಬಿಡಿಯ ಲೆಕ್ಕವನ್ನು ನೋಡುತ್ತಾರೆ.

ಹೀಗೆ ಮೆಟ್ಟಿಲು ಮೆಟ್ಟಿಲಿಗೂ ಬಹಳಷ್ಟು ಉದುರಿಹೋಗುತ್ತವೆ. ವರ್ಷಗಟ್ಟಲೆ ಕಷ್ಟಪಟ್ಟು ಮಾಡಿದ ಅಣುವನ್ನು 'ಇದು ಹೋಗುವುದಿಲ್ಲ' ಎಂದು ಹೇಳುವುದು ಸಂತೋಷದ ಕೆಲಸವಲ್ಲ. ಆದರೆ ಇಲ್ಲಿ ಹೇಳದಿದ್ದರೆ, ಮುಂದೆ ಆಸ್ಪತ್ರೆಯಲ್ಲಿ ರೋಗಿಯ ಮೈಮೇಲೆ ಅದು ಗೊತ್ತಾಗುತ್ತದೆ.

ಆಸ್ಪತ್ರೆಯಲ್ಲಿ ಇದು ಹೇಗೆ ಜೀವದ ಪ್ರಶ್ನೆಯಾಗುತ್ತದೆ ಎನ್ನುವುದಕ್ಕೆ ಎರಡು ಉದಾಹರಣೆ ಸಾಕು. ಕ್ಷಯ ಮಿದುಳಿನ ಪೊರೆಗೆ ಬರುವುದುಂಟು. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂತು, ಕ್ಷಯದ ಕ್ರಿಮಿಯನ್ನು ಕೊಂದಿತು. ಆದರೆ ಅದು ಈ ಉಣುಗೋಲನ್ನು ಸರಿಯಾಗಿ ದಾಟುವುದಿಲ್ಲ. ಹಾಗಾಗಿ ಬೆನ್ನುಹುರಿಯ ದ್ರವಕ್ಕೇ ಸೂಜಿ ಚುಚ್ಚಬೇಕಾಗುತ್ತಿತ್ತು, ಪುಟ್ಟ ಮಕ್ಕಳಿಗೂ. 1952ರಲ್ಲಿ ಐಸೊನಿಯಾಜಿಡ್ ಬಂತು. ಅದು ಚಿಕ್ಕ ಅಣು, ಸಲೀಸಾಗಿ ದಾಟುತ್ತದೆ. ನುಂಗಿದ ಮಾತ್ರೆ ಮಿದುಳಿಗೆ ಮುಟ್ಟಿತು.

ಇನ್ನೊಂದು, ರೈತರಿಗೆ ಗೊತ್ತಿರಬೇಕಾದದ್ದು. ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕಗಳು ಮಿದುಳಿಗೂ ನುಗ್ಗುತ್ತವೆ. ವಿಷ ಏರಿದವರಿಗೆ ಕೊಡುವ ಅಟ್ರೊಪಿನ್ ದಾಟಿ ಹೋಗುತ್ತದೆ. ಜೊತೆಗೆ ಕೊಡುವ ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಔಷಧದ ಮೈಮೇಲೆ ಶಾಶ್ವತ ಆವೇಶ ಇರುವುದರಿಂದ ಮಿದುಳಿಗೆ ಹೋಗುವುದು ಬಹಳ ಕಡಿಮೆ. ವಿಷ ದಾಟಿದಷ್ಟು ಸುಲಭವಾಗಿ ಮದ್ದು ದಾಟುವುದಿಲ್ಲ ಎನ್ನುವುದನ್ನು ನೆನಪಿಟ್ಟುಕೊಳ್ಳಿ. ಔಷಧ ಹೊಡೆಯುವಾಗ ಮುಖಕ್ಕೆ, ಕೈಗೆ ರಕ್ಷಣೆ ಇರಲಿ. ಮೈಗೆ ಬಿದ್ದರೆ ತೊಳೆಯಿರಿ. ಬಾಯಲ್ಲಿ ನೀರು ಸುರಿಯುವುದು, ಕಣ್ಣಿನ ಪಾಪೆ ಕಿರಿದಾಗುವುದು, ಬೆವರು, ನಡುಕ ಕಂಡರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ಊರಿಗೆ ಬಂದಾಗಲೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದಿದೆ: ಒಂದೆಲಗ ತಿಂದರೆ ಬುದ್ಧಿ ಚುರುಕಾಗುತ್ತದಂತೆ, ಹೌದಾ? ಒಂದೆಲಗದ ತಂಬುಳಿಯನ್ನು ನಾನೂ ಬಿಡುವುದಿಲ್ಲ, ರುಚಿಗೆ ಸಾಟಿಯಿಲ್ಲ. ಆದರೆ ಮಿದುಳಿಗೆ ಒಳ್ಳೆಯದು ಎಂದು ಡಬ್ಬಿಯ ಮೇಲೆ ಬರೆದು ಮಾರುವುದನ್ನು ಕೊಳ್ಳುವಾಗ, ಪ್ರಯೋಗಾಲಯದಲ್ಲಿ ಕೇಳುವ ಪ್ರಶ್ನೆಯನ್ನೇ ಕೇಳಿ. ಒಂದೆಲಗದಲ್ಲೂ ನೀರುಬ್ರಾಹ್ಮಿಯಲ್ಲೂ ಇರುವ ಮುಖ್ಯ ವಸ್ತುಗಳು ಸಕ್ಕರೆಯ ಬಾಲ ಹೊತ್ತ ದೊಡ್ಡ ಅಣುಗಳು. ಇದ್ದ ಹಾಗೇ ಅವು ದಾಟುವುದು ಕಷ್ಟ. ಕರುಳಿನಲ್ಲಿ ಆ ಬಾಲ ಕಳಚಿದರೆ ಉಳಿಯುವ ತುಂಡಿಗೆ ಹೆಚ್ಚು ಅವಕಾಶ. ಹೀಗೆ ಒಂದೊಂದನ್ನೂ ಅಳೆದು ನೋಡಬೇಕು. ಹಿರಿಯರ ಅನುಭವವನ್ನು ಅಲ್ಲಗಳೆಯುವುದೂ ಬೇಡ, ಅಳೆಯದೆ ನಂಬುವುದೂ ಬೇಡ. ನಸುಗುನ್ನಿಯ ವಿಷಯದಲ್ಲಿ ಅಳೆದದ್ದರಿಂದಲೇ ಅಲ್ಲವೇ ಅದರ ಬೆಲೆ ಜಗತ್ತಿಗೆ ತಿಳಿದದ್ದು?

ಮತ್ತೆ ನಮ್ಮ ಮಂಗನ ಕಾಯಿಲೆಗೆ ಬರುತ್ತೇನೆ. ಅದಕ್ಕೊಂದು ಔಷಧ ಬೇಕೆಂದರೆ ಅದು ಎರಡು ಪರೀಕ್ಷೆಯಲ್ಲಿ ಪಾಸಾಗಬೇಕು. ವೈರಸ್ಸನ್ನು ತಡೆಯಬೇಕು, ಎರಡನೆಯ ಹಂತ ಮುಟ್ಟಿದವರಿಗೂ ಸಹಾಯವಾಗಬೇಕಾದರೆ ಮಿದುಳಿಗೆ ಸಾಕಷ್ಟು ತಲುಪಬೇಕು. ಮಿದುಳಿನಲ್ಲಿ ಉರಿಯೂತ ಇದ್ದಾಗ ಉಣುಗೋಲು ಸ್ವಲ್ಪ ಸಡಿಲವಾಗುತ್ತದೆ, ನಿಜ. ಮಿದುಳು ಪೊರೆಯ ಸೋಂಕಿನಲ್ಲಿ ಪೆನಿಸಿಲಿನ್ ಕೆಲಸ ಮಾಡುವುದು ಈ ಸಡಿಲದಿಂದಲೇ. ಆದರೆ ರೋಗಿ ಚೇತರಿಸಿಕೊಂಡ ಹಾಗೆ ಅದು ಮತ್ತೆ ಬಿಗಿಯಾಗುತ್ತದೆ, ಔಷಧ ಹೋಗುವುದು ಕಡಿಮೆಯಾಗುತ್ತದೆ. ಆದ್ದರಿಂದ ಸಡಿಲವನ್ನೇ ನಂಬಿ ಕೂರುವ ಹಾಗಿಲ್ಲ.

ಇಂಥ ಔಷಧವನ್ನು ಹುಡುಕುವುದಕ್ಕೆ ಹಣ ಬೇಕು, ಜನ ಬೇಕು, ವರ್ಷಗಳು ಬೇಕು. ಪ್ರಪಂಚದ ದೊಡ್ಡ ಕಂಪನಿಗಳಿಗೆ ಪಶ್ಚಿಮಘಟ್ಟದ ಕೆಲವು ಜಿಲ್ಲೆಗಳ ಕೂಲಿಯವರ, ತೋಟದವರ, ದನಗಾಹಿಗಳ ಕಾಯಿಲೆ ದೊಡ್ಡ ಮಾರುಕಟ್ಟೆಯಲ್ಲ. 2018–19ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಏನಾಯಿತು ಎನ್ನುವುದು ನಿಮಗೆಲ್ಲ ನೆನಪಿದೆ. ನಮ್ಮ ನೋವನ್ನು ನಮ್ಮ ಸರ್ಕಾರಿ ಸಂಸ್ಥೆಗಳೇ, ನಮ್ಮ ಮಕ್ಕಳೇ ಹಚ್ಚಿಕೊಳ್ಳಬೇಕಾಗುತ್ತದೆ. ಹಿಂದೆ ಕೊಡುತ್ತಿದ್ದ ಲಸಿಕೆಯ ಪರಿಣಾಮ ಕುಗ್ಗಿತೆಂದು ನಿಲ್ಲಿಸಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿದೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಬಿಡಬಾರದು. ಡಿಸೆಂಬರಿನಿಂದ ಮೇವರೆಗೆ ಕಾಡಿಗೆ, ಸೊಪ್ಪಿನ ಬೆಟ್ಟಕ್ಕೆ ಹೋಗುವಾಗ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಮೈ ಮುಚ್ಚುವ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಮಂಗ ಸತ್ತಿದ್ದರೆ ಮುಟ್ಟಬೇಡಿ, ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೇಳಿ. ಜ್ವರ ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ಡಾಕ್ಟರಿಗೆ ತಪ್ಪದೆ ತಿಳಿಸಿ. ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು ಇದು: ಜ್ವರ ಬಿಟ್ಟಿತು ಎಂದು ಮರೆಯಬೇಡಿ. ಮುಂದಿನ ಎರಡು ಮೂರು ವಾರ ಮನೆಯವರು ಕಣ್ಣಿಟ್ಟಿರಿ. ಮತ್ತೆ ಜ್ವರ, ತಲೆನೋವು, ನಡುಕ, ಮಾತಿನಲ್ಲಿ ತೊಡಕು ಕಂಡರೆ 'ನಿಶ್ಶಕ್ತಿ' ಎಂದು ಸುಮ್ಮನಾಗದೆ ಆ ದಿನವೇ ಕರೆದುಕೊಂಡು ಹೋಗಿ.

ಕೊನೆಯ ಎರಡು ಮಾತು ಮಕ್ಕಳಿಗೆ. ಒಂದು ಗಾಜಿನ ಬಾಟಲಿಯಲ್ಲಿ ಅರ್ಧ ನೀರು, ಅರ್ಧ ಅಡುಗೆ ಎಣ್ಣೆ ಹಾಕಿ. ಅರಿಶಿನದ ಪುಡಿ ಹಾಕಿ ಕುಲುಕಿ,ಬಿಡಿ. ಹಳದಿ ಎಲ್ಲಿಗೆ ಹೋಯಿತು ನೋಡಿ. ಇನ್ನೊಂದು ಬಾಟಲಿಯಲ್ಲಿ ಬೀಟ್‌ರೂಟಿನ ರಸ ಹಾಕಿ ಕುಲುಕಿ. ಕೆಂಪು ಎಲ್ಲಿ ಉಳಿಯಿತು ನೋಡಿ. ಎಣ್ಣೆಗೆ ಎಷ್ಟು, ನೀರಿಗೆ ಎಷ್ಟು ಎನ್ನುವ ಈ ಹಂಚಿಕೆಯನ್ನೇ ನಾವೂ ಮೊದಲು ಅಳೆಯುವುದು. ನಮ್ಮ ಯಂತ್ರಗಳು ದುಬಾರಿ, ಪ್ರಶ್ನೆ ಮಾತ್ರ ಇದೇ. ಈ ಶಾಲೆಯ ವಿಜ್ಞಾನದ ಕೋಣೆಯಲ್ಲಿ ಕನ್ನಡದಲ್ಲಿ ಕಲಿತ ದ್ರಾವಣ, ಆವೇಶ, ವಿಸರಣ ಎಂಬ ಮಾತುಗಳನ್ನೇ ನಾನು ಇವತ್ತಿಗೂ ಬಳಸುತ್ತಿದ್ದೇನೆ, ಹೆಸರು ಇಂಗ್ಲಿಷಿಗೆ ಬದಲಾಗಿದೆ ಅಷ್ಟೆ. ಆದ್ದರಿಂದ ಕನ್ನಡ ಮಾಧ್ಯಮದಲ್ಲಿ ಓದಿದೆವಲ್ಲ ಎಂದು ಯಾರೂ ತಲೆ ತಗ್ಗಿಸಬೇಡಿ.

ಬೆಂಗಳೂರಿಗೆ ಬಂದಾಗ ನಿಮ್ಹಾನ್ಸ್ ಆಸ್ಪತ್ರೆಯ ಮಿದುಳು ಸಂಗ್ರಹಾಲಯಕ್ಕೆ ಹೋಗಿ. ಜನಸಾಮಾನ್ಯರಿಗೂ ಅಲ್ಲಿ ಮಿದುಳನ್ನು ತೋರಿಸಿ ವಿವರಿಸುತ್ತಾರೆ. ಸುಮಾರು ಒಂದೂಕಾಲು ಕೆ.ಜಿ.ಯ ಆ ಮುದ್ದೆಯೊಳಗೆ 600 ಕಿಲೋಮೀಟರ್ ಉಣುಗೋಲು ಇದೆ ಎಂದು ನೆನೆದುಕೊಂಡು ನೋಡಿ.

ನಮ್ಮ ತಾಲ್ಲೂಕಿನ ಕಾಡಿನ ಹೆಸರು ಒಂದು ಕಾಯಿಲೆಗೆ ಅಂಟಿ ಕೂತಿದೆ. ಆ ಕಾಯಿಲೆಯ ಔಷಧವನ್ನು ಹುಡುಕುವವರ ಸಾಲಿನಲ್ಲಿ ಈ ತಾಲ್ಲೂಕಿನ ಮಕ್ಕಳೂ ಇರಬೇಕು ಎನ್ನುವುದು ನನ್ನ ಆಸೆ. ಹಳೆಯ ವಿದ್ಯಾರ್ಥಿಗಳಾದ ನಾವು ಈ ಶಾಲೆಯ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು, ತಕ್ಕಡಿ, ಒಂದೆರಡು ಒಳ್ಳೆಯ ಸೂಕ್ಷ್ಮದರ್ಶಕ ಕೊಡಿಸುವ ಕೆಲಸವನ್ನು ಈ ವರ್ಷವೇ ಮಾಡೋಣ ಎಂದು ಕೇಳಿಕೊಳ್ಳುತ್ತೇನೆ. ನನ್ನ ಪಾಲು ನಾನು ಕೊಡುತ್ತೇನೆ.